ಹಾಯಿದೋಣಿಯ ರಿಗ್ಗಿಂಗ್ ಎಷ್ಟು ಬಿಗಿಯಾಗಿರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ದೋಣಿ ಕೊಂಡವರು ಎಂಜಿನ್ನಿನ ಎಣ್ಣೆ ಬದಲಿಸುತ್ತಾರೆ, ಹಾಯಿ ಒಗೆಯುತ್ತಾರೆ, ತಳಕ್ಕೆ ಬಣ್ಣ ಬಳಿಯುತ್ತಾರೆ. ಹಾಯಿಕಂಬವನ್ನು ಎತ್ತಿ ನಿಲ್ಲಿಸಿರುವ ತಂತಿಗಳನ್ನು ಮಾತ್ರ ಮುಟ್ಟಲು ಹೆದರುತ್ತಾರೆ. ನಾನೂ ಎರಡು ವರ್ಷ ಹೆದರಿದ್ದೆ. ಕಲಿತ ಮೇಲೆ ಗೊತ್ತಾಯಿತು, ಎರಡು ಸ್ಪ್ಯಾನರ್, ಒಂದು ಅಳತೆಪಟ್ಟಿ ಮತ್ತು ಗಾಳಿಯಿಲ್ಲದ ಒಂದು ಬೆಳಗ್ಗೆ ಇದ್ದರೆ ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು. ಹೊಸಬರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ರಿಗ್ಗಿಂಗ್ ಎಂದರೆ ಯಾವ ತಂತಿಗಳು?

ಇಲ್ಲಿ ಹೇಳುತ್ತಿರುವುದು ಕದಲದೆ ನಿಂತಿರುವ ರಿಗ್ಗಿಂಗ್ ಬಗ್ಗೆ. ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳು ಇದರಲ್ಲಿ ಸೇರುವುದಿಲ್ಲ. ಕಂಬದಿಂದ ದೋಣಿಯ ಮೂತಿಗೆ ಬರುವ ತಂತಿ ಫೋರ್‌ಸ್ಟೇ, ಹಿಂಬದಿಗೆ ಹೋಗುವುದು ಬ್ಯಾಕ್‌ಸ್ಟೇ, ಎರಡು ಪಕ್ಕಕ್ಕೆ ಇಳಿಯುವವು ಶ್ರೌಡ್‌ಗಳು. ಮೇಲಿನಿಂದ, ಸ್ಪ್ರೆಡರ್ ಎಂಬ ಅಡ್ಡತೋಳಿನ ತುದಿಯನ್ನು ಹಾದು ಬರುವುದು ಮೇಲಿನ ಶ್ರೌಡ್. ಸ್ಪ್ರೆಡರ್‌ನ ಬುಡದಿಂದಲೇ ಇಳಿಯುವುದು ಕೆಳಗಿನ ಶ್ರೌಡ್. ಇವೆಲ್ಲ ಡೆಕ್ಕಿನಲ್ಲಿ ಚೈನ್‌ಪ್ಲೇಟ್ ಎಂಬ ಲೋಹದ ಪಟ್ಟಿಗೆ ಸೇರುತ್ತವೆ. ಬಿಗಿ ಹೆಚ್ಚು ಕಡಿಮೆ ಮಾಡಲು ನಡುವೆ ಟರ್ನ್‌ಬಕಲ್ ಇರುತ್ತದೆ.

ತುಂಬಾ ಬಿಗಿದರೆ ದೋಣಿಗೆ ಪೆಟ್ಟಾಗುವುದಿಲ್ಲವೇ? ಸ್ವಲ್ಪ ಸಡಿಲ ಬಿಟ್ಟರೆ ಒಳ್ಳೆಯದಲ್ಲವೇ?

ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇದು, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ತಪ್ಪು ತಿಳಿವಳಿಕೆಯೂ ಇದೇ. ಸಾಮಾನ್ಯ ಪ್ರವಾಸದ ದೋಣಿಗಳಲ್ಲಿ ಅತಿ ಬಿಗಿಗಿಂತ ಸಡಿಲವೇ ಹೆಚ್ಚು ಕಂಬಗಳನ್ನು ಉರುಳಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾಕೆ ಹೀಗೆ? ದೋಣಿ ಅಲೆ ಏರಿ ಇಳಿಯುವಾಗ ಕಂಬದ ತುದಿ ಚಾಟಿಯಂತೆ ಬೀಸುತ್ತದೆ. ತಂತಿ ಬಿಗಿಯಾಗಿದ್ದರೆ ಕಂಬ ಬೀಸುವ ಮೊದಲೇ ಅದನ್ನು ಹಿಡಿದುಕೊಂಡಿರುತ್ತದೆ. ಸಡಿಲವಾಗಿದ್ದರೆ ಕಂಬ ಒಂದಷ್ಟು ದೂರ ಓಡಿ, ಆಮೇಲೆ ತಂತಿಯ ಮೇಲೆ ಧಡ್ಡನೆ ಬೀಳುತ್ತದೆ. ಪ್ರತಿ ಅಲೆಗೂ ಒಂದು ಹೊಡೆತ. ಗಂಟೆಗೆ ನೂರಾರು ಅಲೆಗಳು. ಒಂದೇ ಸಮನೆ ಎಳೆಯುವ ಭಾರವನ್ನು ಉಕ್ಕು ವರ್ಷಗಟ್ಟಲೆ ತಡೆಯುತ್ತದೆ, ಬಿಟ್ಟು ಬಿಟ್ಟು ಬೀಳುವ ಹೊಡೆತವನ್ನು ಅಷ್ಟು ಕಾಲ ತಡೆಯುವುದಿಲ್ಲ. ಕಬ್ಬಿಣದ ಸರಿಗೆಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಆ ದಣಿವೇ ಇಲ್ಲಿ ನಿಧಾನವಾಗಿ ನಡೆಯುತ್ತದೆ.

ನನ್ನ ಮೊದಲ ದೋಣಿಯ ಶ್ರೌಡ್‌ಗಳನ್ನು, ಹಳೆಯ ದೋಣಿಗೆ ನೋವಾಗಬಾರದೆಂದು ಕೈಬಿಗಿಗಿಂತ ತುಸು ಮಾತ್ರ ಹೆಚ್ಚಿಗೆ ಇಟ್ಟಿದ್ದೆ. ಎರಡನೆಯ ಋತುವಿನ ಕೊನೆಯಲ್ಲಿ ಒಂದು ಕೆಳಗಿನ ಶ್ರೌಡ್ ಅನ್ನು ಬಟ್ಟೆಯಿಂದ ಒರೆಸುತ್ತಿದ್ದಾಗ ಬಟ್ಟೆ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ತಂತಿಯು ತುದಿಯ ಲೋಹದ ಕೊಳವೆಯೊಳಗೆ ಹೋಗುವ ಜಾಗದಲ್ಲಿ ಒಂದು ಎಳೆ ತುಂಡಾಗಿ, ಮೀನಿನ ಗಾಳದಂತೆ ಹೊರಗೆ ಚಾಚಿತ್ತು. ಆ ತಂತಿ ಹಳೆಯದಾಗಿರಲಿಲ್ಲ. ಎರಡು ಋತು ಅದು ಪ್ರತಿ ಅಲೆಗೂ ಜಗ್ಗಿಸಿಕೊಂಡಿತ್ತು, ಅಷ್ಟೇ.

ಅತಿ ಬಿಗಿಯೂ ತಪ್ಪು ನಿಜ. ಕಂಬದ ಬುಡದ ಮೇಲೆ ಬೀಳುವ ಭಾರವನ್ನೇ ಲೆಕ್ಕ ಹಾಕಿ ನೋಡಿ. 6 ಮಿ.ಮೀ. ತಂತಿಯಿರುವ ದೋಣಿಯಲ್ಲಿ ಎರಡು ಮೇಲಿನ ಶ್ರೌಡ್‌ಗಳಿಗೆ ತಲಾ 435 ಕೆ.ಜಿ., ನಾಲ್ಕು ಕೆಳಗಿನವಕ್ಕೆ ತಲಾ 200, ಫೋರ್‌ಸ್ಟೇ ಮತ್ತು ಬ್ಯಾಕ್‌ಸ್ಟೇಗೆ ತಲಾ 400 ಎಂದುಕೊಳ್ಳಿ. ಹಾಯಿ ಏರಿಸುವ ಮೊದಲೇ ಕಂಬವನ್ನು ಕೆಳಕ್ಕೆ ಒತ್ತುವ ಭಾರ ಎರಡೂವರೆ ಟನ್‌ಗೆ ಹತ್ತಿರವಾಯಿತು. ಆದರೆ ದೋಣಿಯನ್ನು ಕಟ್ಟಿದವರು ಈ ಭಾರವನ್ನು ಎಣಿಸಿಯೇ ಕಟ್ಟಿರುತ್ತಾರೆ. ಗಟ್ಟಿಮುಟ್ಟಾದ ದೋಣಿಗೆ ಅದರ ರಿಗ್ಗಿಂಗ್‌ನ ಸರಿಯಾದ ಬಿಗಿಯಿಂದ ತೊಂದರೆಯಿಲ್ಲ.

ಹಾಗಾದರೆ ಎಷ್ಟು? ಒಂದು ಅಂಕಿ ಹೇಳಿ.

ಬಿಗಿಯನ್ನು ತಂತಿ ತುಂಡಾಗುವ ಭಾರದ ಶೇಕಡಾವಾರಿನಲ್ಲಿ ಹೇಳುವುದು ವಾಡಿಕೆ. ಹತ್ತೊಂಬತ್ತು ಎಳೆಗಳನ್ನು ಹೊಸೆದ 6 ಮಿ.ಮೀ. ಸ್ಟೇನ್‌ಲೆಸ್ ತಂತಿ ಸುಮಾರು 2,900 ಕೆ.ಜಿ.ಗೆ ತುಂಡಾಗುತ್ತದೆ. ಅದರ ಶೇ. 15 ಎಂದರೆ 435 ಕೆ.ಜಿ.

ಫೋರ್‌ಸ್ಟೇ ಕಂಬದ ತುತ್ತತುದಿಗೆ ಸೇರಿದ್ದು, ಸ್ಪ್ರೆಡರ್‌ಗಳು ನೇರವಾಗಿ ಪಕ್ಕಕ್ಕೆ ಚಾಚಿದ್ದರೆ, ನಿಂತ ದೋಣಿಯಲ್ಲಿ ಮೇಲಿನ ಶ್ರೌಡ್‌ಗಳಿಗೆ ಶೇ. 15ರ ಆಸುಪಾಸು ಸಾಕು. ಫೋರ್‌ಸ್ಟೇ ತುದಿಗಿಂತ ಕೆಳಗೆ ಸೇರಿದ್ದು, ಸ್ಪ್ರೆಡರ್‌ಗಳು ಹಿಂದಕ್ಕೆ ಬಾಗಿದ್ದರೆ ಶೇ. 20ರ ಹತ್ತಿರ ಬೇಕು. ಅಲ್ಲಿ ಶ್ರೌಡ್‌ಗಳಿಗೆ ಎರಡು ಕೆಲಸ. ಪಕ್ಕಕ್ಕೆ ಹಿಡಿಯುವುದರ ಜೊತೆಗೆ ಕಂಬವನ್ನು ಹಿಂದಕ್ಕೆಳೆದು ಫೋರ್‌ಸ್ಟೇಯನ್ನು ಬಿಗಿಯಾಗಿಡುವ ಹೊಣೆಯೂ ಅವುಗಳದ್ದೇ. ಯಾವ ಬಗೆಯೇ ಆಗಲಿ, ನಿಂತ ದೋಣಿಯಲ್ಲಿ ಶೇ. 25 ದಾಟಿಸಬೇಡಿ. ನಿಮ್ಮ ಕಂಬ ತಯಾರಿಸಿದವರ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ, ನನ್ನದನ್ನು ಬಿಟ್ಟುಬಿಡಿ.

ಈ ಅಂಕಿಗಳು ಆರಂಭಕ್ಕೆ ಮಾತ್ರ. ಕೊನೆಯ ತೀರ್ಪು ಗಾಳಿಯಲ್ಲಿ, ಹಾಯಿ ಏರಿಸಿದ ಮೇಲೆ ಸಿಗುತ್ತದೆ.

ಬಿಗಿ ಅಳೆಯುವ ಗೇಜ್ ನನ್ನ ಬಳಿ ಇಲ್ಲ. ಅಳೆಯುವುದು ಹೇಗೆ?

ಲೂಸ್ (Loos) ಎಂಬ ಕಂಪನಿಯ ಬಿಗಿ ಅಳೆಯುವ ಗೇಜ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ತಂತಿಗೆ ಸಿಕ್ಕಿಸಿ, ಅದು ತೋರಿಸುವ ಅಂಕಿಯನ್ನು ತಂತಿಯ ದಪ್ಪದ ಪಟ್ಟಿಯಲ್ಲಿ ಹುಡುಕಿದರೆ ಆಯಿತು. ಇಲ್ಲದಿದ್ದರೂ ಚಿಂತೆಯಿಲ್ಲ. ಎರಡು ಮೀಟರ್ ಉದ್ದದ ಮಡಿಸುವ ಅಳತೆಕೋಲು ಸಾಕು. ನನಗೆ ಈ ಉಪಾಯವೇ ಹೆಚ್ಚು ಇಷ್ಟ, ಏಕೆಂದರೆ ತಂತಿ ಹಿಗ್ಗುವುದನ್ನು ಕಣ್ಣಾರೆ ನೋಡಬಹುದು.

ತಂತಿಯನ್ನು ಮೊದಲು ಕೈಬಿಗಿಗೆ ತನ್ನಿ, ಎಂದರೆ ತೂಗಾಟ ನಿಂತಿರಬೇಕು, ಎಳೆತ ಇನ್ನೂ ಹುಟ್ಟಿರಬಾರದು. ಕೋಲಿನ ಮೇಲ್ತುದಿಯನ್ನು ತಂತಿಗೆ ಟೇಪಿನಿಂದ ಗಟ್ಟಿಯಾಗಿ ಸುತ್ತಿ. ಕೆಳತುದಿಯನ್ನು ಕಟ್ಟಬಾರದು. ಅದು ತಂತಿಯ ತುದಿಯ ಲೋಹದ ಕೊಳವೆಯ ಅಂಚಿಗೆ ಸ್ವಲ್ಪ ಮೇಲೆ, ತಂತಿಗೆ ಒತ್ತಿಕೊಂಡು ನಿಂತಿರಲಿ. ಕೋಲಿಗೂ ಅಂಚಿಗೂ ನಡುವಿನ ಸಂದನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬರೆದುಕೊಳ್ಳಿ. ಈಗ ಟರ್ನ್‌ಬಕಲ್ ತಿರುಗಿಸಿ. ತಂತಿ ಹಿಗ್ಗಿದಂತೆ ಸಂದು ದೊಡ್ಡದಾಗುತ್ತದೆ. ಎರಡು ಮೀಟರ್‌ಗೆ 1 ಮಿ.ಮೀ. ಹಿಗ್ಗಿದರೆ ತುಂಡಾಗುವ ಭಾರದ ಶೇ. 5 ಬಂತು. 3 ಮಿ.ಮೀ. ಎಂದರೆ ಶೇ. 15. 4 ಮಿ.ಮೀ. ಎಂದರೆ ಶೇ. 20.

ತಂತಿಯ ದಪ್ಪ ಎಷ್ಟೆಂದು ಇಲ್ಲಿ ಕೇಳಬೇಕಾಗಿಯೇ ಇಲ್ಲ. ದಪ್ಪ ತಂತಿಯನ್ನು ಹಿಗ್ಗಿಸಲು ಹೆಚ್ಚು ಬಲ ಬೇಕು. ಅದೇ ಪ್ರಮಾಣದಲ್ಲಿ ಅದು ತುಂಡಾಗುವ ಭಾರವೂ ಹೆಚ್ಚು. ಎರಡೂ ಒಟ್ಟಿಗೆ ಏರುವುದರಿಂದ ಶೇಕಡಾವಾರು ಬದಲಾಗುವುದಿಲ್ಲ. ಆದರೆ ಈ ಲೆಕ್ಕ ಹತ್ತೊಂಬತ್ತು ಎಳೆಯ ತಂತಿಗೆ ಮಾತ್ರ ಸಲ್ಲುತ್ತದೆ. ಗಟ್ಟಿ ಸರಳಿನ ರಿಗ್ಗಿಂಗ್ ಆದರೆ 1 ಮಿ.ಮೀ.ಗೆ ಶೇ. 7.5 ಎಂದು ಎಣಿಸಬೇಕು.

ಒಂದು ಎಚ್ಚರಿಕೆ: ಎಡದ ಶ್ರೌಡ್ ಬಿಗಿದರೆ ಬಲದ್ದೂ ಬಿಗಿಯಾಗುತ್ತದೆ. ಆದ್ದರಿಂದ ಎರಡನ್ನೂ ಕೈಬಿಗಿಗೆ ತಂದ ಮೇಲೆಯೇ ಮೊದಲ ಸಂದನ್ನು ಅಳೆಯಿರಿ. ಅರ್ಧ ಬಿಗಿದ ಮೇಲೆ ಕೋಲು ಕಟ್ಟಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಕೈಯಿಂದ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲವೇ? ಮೀಟಿ ನೋಡಿದರೆ?

ಒತ್ತಿ ನೋಡುವುದರಿಂದ ಎರಡು ಬದಿಗಳಿಗಿರುವ ವ್ಯತ್ಯಾಸ ತಿಳಿಯುತ್ತದೆ, ಅಷ್ಟೇ. ದೊಡ್ಡ ದೋಣಿಯ ದಪ್ಪ ತಂತಿ ಸಡಿಲವಿದ್ದರೂ ಕೈಗೆ ಬಿಗಿಯೆನ್ನಿಸುತ್ತದೆ. ಮೀಟಿ ಸ್ವರ ಕೇಳುವ ಅಭ್ಯಾಸ ಕೆಲವರಿಗಿದೆ. ಬಿಗಿ ನಾಲ್ಕು ಪಟ್ಟಾದರೆ ಸ್ವರ ಒಂದು ಸ್ಥಾಯಿ ಏರುತ್ತದೆ ಎಂಬುದು ನಿಜ. ಅದರ ಅರ್ಥ, ಬಿಗಿಯಲ್ಲಿ ಸಾಕಷ್ಟು ವ್ಯತ್ಯಾಸವಿದ್ದರೂ ಸ್ವರದಲ್ಲಿ ಕೊಂಚವೇ ಕಾಣುತ್ತದೆ. ಎಡಬಲ ಹೋಲಿಸಲು ಸರಿ, ಅಳತೆಗೆ ಸಾಲದು.

ಎಲ್ಲಿಂದ ಶುರು ಮಾಡಬೇಕು?

ದೋಣಿ ನೀರಿನಲ್ಲಿರಬೇಕು. ನೆಲದ ಮೇಲೆ ಊರುಗಾಲುಗಳ ನಡುವೆ ನಿಂತ ದೋಣಿಯ ಒಡಲಿನ ಆಕಾರವೇ ಕೊಂಚ ಬೇರೆ. ಗಾಳಿ ಇರಬಾರದು. ಒಂದೇ ಬದಿಗೆ ಜನರೋ ಸಾಮಾನೋ ಸೇರಿ ದೋಣಿ ವಾಲಿರಬಾರದು. ಕಂಬವು ಡೆಕ್ಕನ್ನು ತೂರಿ ಕೆಳಗಿನ ಕೀಲ್ (ದೋಣಿಯ ತಳದ ಬೆನ್ನೆಲುಬು) ಮೇಲೆ ನಿಂತಿದ್ದರೆ, ಡೆಕ್ಕಿನ ತೂತಿನಲ್ಲಿ ಕಂಬದ ಸುತ್ತ ಬಡಿದಿರುವ ಬೆಣೆಗಳನ್ನು ಮೊದಲು ತೆಗೆಯಿರಿ. ತುದಿ ಸರಿಯಾದ ಮೇಲೆ ಮತ್ತೆ ಬಡಿಯಿರಿ. ಬೆಣೆ ಕಂಬವನ್ನು ಒಂದು ಕಡೆಗೆ ತಳ್ಳಿರುವಾಗ ಏನು ಬಿಗಿದರೂ ಕಂಬ ಸೊಟ್ಟಗಾಗುತ್ತದೆ.

ಮೊದಲ ಕೆಲಸ ಕಂಬದ ತುದಿಯನ್ನು ನಟ್ಟನಡುವೆ ತರುವುದು. ದೊಡ್ಡ ಹಾಯಿಯ ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಅನ್ನು ಬಲದ ಚೈನ್‌ಪ್ಲೇಟ್‌ಗೆ ತಂದು, ತಾಗುವಷ್ಟು ಉದ್ದಕ್ಕೆ ಬಿಗಿಯಾಗಿ ಕಟ್ಟಿ. ಉದ್ದ ಬದಲಿಸದೆ ಅದನ್ನು ಎಡಕ್ಕೆ ತನ್ನಿ. ಅಲ್ಲೂ ಅದೇ ಬಿಂದುವಿಗೆ ತಾಗಿದರೆ ಕಂಬ ನಡುವೆ ಇದೆ. ಬೆರಳಗಲ ಹೆಚ್ಚು ಕಡಿಮೆಯಾದರೆ ಹ್ಯಾಲ್ಯಾರ್ಡ್ ಹೆಚ್ಚು ಉಳಿಯುವ ಕಡೆಗೆ ಕಂಬ ವಾಲಿದೆ ಎಂದರ್ಥ, ಎದುರು ಬದಿಯ ಮೇಲಿನ ಶ್ರೌಡ್ ಬಿಗಿದು ಈ ಬದಿಯದನ್ನು ಅಷ್ಟೇ ಸಡಿಲಿಸಿ. ಹ್ಯಾಲ್ಯಾರ್ಡ್ ಹಿಗ್ಗುವ ಹಗ್ಗವಾಗಿದ್ದರೆ ಎರಡೂ ಬಾರಿ ಒಂದೇ ಬಲದಿಂದ ಎಳೆಯಿರಿ. ಒಂದು ಬದಿಗೆ ಜಗ್ಗಿ, ಇನ್ನೊಂದಕ್ಕೆ ಮೆಲ್ಲಗೆ ಎಳೆದು, ನೆಟ್ಟಗಿದ್ದ ಕಂಬವನ್ನು ಸೊಟ್ಟ ಮಾಡಿಕೊಂಡವರನ್ನು ನೋಡಿದ್ದೇನೆ.

ಆಮೇಲೆ ಮೇಲಿನ ಶ್ರೌಡ್‌ಗಳು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಮತ್ತೆ ಎಡಕ್ಕೆ. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಬೇಕಾದ ಬಿಗಿ ಬಂದ ಮೇಲೆ ಹ್ಯಾಲ್ಯಾರ್ಡ್‌ನಿಂದ ಇನ್ನೊಮ್ಮೆ ಪರೀಕ್ಷಿಸಿ.

ಕೊನೆಗೆ ಕೆಳಗಿನವು. ಕಂಬದ ಬುಡದಲ್ಲಿ ಕುಳಿತು, ಕಂಬದ ಹಿಂಬದಿಯಲ್ಲಿ ಹಾಯಿ ಓಡುವ ತೋಡಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ಮೇಲಕ್ಕೆ ನೋಡಿ. ಬಡಗಿಯು ಮರದ ಹಲಗೆ ನೆಟ್ಟಗಿದೆಯೇ ಎಂದು ನೋಡುವ ನೋಟ ಅದು. ನಡುಭಾಗ ಎಡಕ್ಕೆ ಉಬ್ಬಿದ್ದರೆ ಬಲದ ಕೆಳಗಿನ ಶ್ರೌಡ್ ಬಿಗಿಯಿರಿ, ಬಲಕ್ಕೆ ಉಬ್ಬಿದ್ದರೆ ಎಡದ್ದು. ತೋಡು ದಾರ ಕಟ್ಟಿದಂತೆ ನೇರವಾಗುವ ತನಕ ಇಷ್ಟಿಷ್ಟೇ ತಿರುಗಿಸಿ.

ಕೆಳಗಿನ ಶ್ರೌಡ್‌ಗಳನ್ನು ಮೇಲಿನವಕ್ಕಿಂತ ಸಡಿಲ ಇಡುವುದೇಕೆ?

ಉದ್ದದ ತಂತಿ ಅದೇ ಎಳೆತಕ್ಕೆ ಹೆಚ್ಚು ಹಿಗ್ಗುತ್ತದೆ. ಮೇಲಿನ ಶ್ರೌಡ್ ಕೆಳಗಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಉದ್ದ. ಎರಡನ್ನೂ ಒಂದೇ ಬಿಗಿಗೆ ಇಟ್ಟರೆ, ಗಾಳಿ ಬಂದಾಗ ಮೇಲಿನದು ಹಿಗ್ಗಿ ತುದಿ ಗಾಳಿಮರೆಯ (ಗಾಳಿ ಬರುವ ದಿಕ್ಕಿಗೆ ಎದುರು ಬದಿಯ) ಕಡೆಗೆ ಜಾರುತ್ತದೆ, ನಡುಭಾಗವನ್ನು ಮಾತ್ರ ಕೆಳಗಿನದು ಬಿಡದೆ ಹಿಡಿದಿರುತ್ತದೆ. ಕಂಬ ಕೊಕ್ಕೆಯಂತೆ ಬಾಗುತ್ತದೆ. ಬಾಗಿದ ಕಂಬಕ್ಕೆ ಮೇಲಿನಿಂದ ಒತ್ತುವ ಭಾರ ತಡೆಯುವ ಶಕ್ತಿ ಕಡಿಮೆ.

ಟರ್ನ್‌ಬಕಲ್‌ನ ಒಂದು ಸುತ್ತಿಗೆ ಎಷ್ಟು ಬಿಗಿ ಬರುತ್ತದೆ?

6 ಮಿ.ಮೀ. ತಂತಿಗೆ ಸಾಮಾನ್ಯವಾಗಿ ಅರ್ಧ ಇಂಚಿನ ಟರ್ನ್‌ಬಕಲ್ ಇರುತ್ತದೆ. ಅದರ ತಿರುಪು ಇಂಚಿಗೆ 20 ಸುತ್ತಿನದು, ಮೇಲೊಂದು ಕೆಳಗೊಂದು ಎದುರುಬದುರು ದಿಕ್ಕಿನವು. ಹಾಗಾಗಿ ಒಂದು ಪೂರ್ತಿ ಸುತ್ತಿಗೆ ಎರಡೂ ತಿರುಪು ಸೇರಿ ಸುಮಾರು 2.5 ಮಿ.ಮೀ. ಒಳಗೆ ಬರುತ್ತವೆ. 10 ಮೀಟರ್ ಉದ್ದದ ಶ್ರೌಡ್‌ನಲ್ಲಿ ಅದು ಪ್ರತಿ ಎರಡು ಮೀಟರ್‌ಗೆ ಅರ್ಧ ಮಿ.ಮೀ., ಎಂದರೆ ತುಂಡಾಗುವ ಭಾರದ ಶೇ. 2.5, ಹತ್ತಿರ ಹತ್ತಿರ 72 ಕೆ.ಜಿ. ಕಂಬ ಮತ್ತು ಒಡಲು ಸ್ವಲ್ಪ ಬಗ್ಗುವುದರಿಂದ ನಿಜವಾಗಿ ಬರುವುದು ಇದಕ್ಕಿಂತ ಕಡಿಮೆ. ಏನೇ ಆದರೂ, ಕೈಗೆ ಹಗುರವಾಗಿ ತಿರುಗಿದ ಒಂದು ಸುತ್ತಿನಲ್ಲಿ ಒಬ್ಬ ಆಳಿನ ತೂಕವಿದೆ ಎಂಬುದು ನೆನಪಿರಲಿ.

ತಿರುಗಿಸುವಾಗ ತಂತಿಯ ಕಡೆಯ ಭಾಗವನ್ನು ಒಂದು ಸ್ಪ್ಯಾನರ್‌ನಿಂದ ಕದಲದಂತೆ ಹಿಡಿದುಕೊಳ್ಳಿ, ಇಲ್ಲದಿದ್ದರೆ ತಂತಿಯ ಹೊಸಿಗೆಯೇ ಬಿಚ್ಚಲು ತೊಡಗುತ್ತದೆ. ತಿರುಪಿಗೆ ಗ್ರೀಸ್ ಅಥವಾ ಲ್ಯಾನೊಲಿನ್ ಸವರದೆ ತಿರುಗಿಸಲೇಬೇಡಿ. ಸ್ಟೇನ್‌ಲೆಸ್ ಉಕ್ಕಿಗೆ ಒಂದು ಕೆಟ್ಟ ಗುಣವಿದೆ, ಒಣಗಿದ ತಿರುಪು ಭಾರದಲ್ಲಿ ಉಜ್ಜಿದರೆ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತದೆ. ಆಮೇಲೆ ಗರಗಸವೇ ಗತಿ. ಇದೇ ಕಾರಣಕ್ಕೆ ಗಾಳಿಯ ಭಾರ ಹೊತ್ತಿರುವ ಬದಿಯ ಟರ್ನ್‌ಬಕಲ್ ಅನ್ನು ಎಂದೂ ತಿರುಗಿಸಬಾರದು.

ಕಂಬ ಹಿಂದಕ್ಕೆ ಎಷ್ಟು ವಾಲಿರಬೇಕು? ಬಾಗು ಎಷ್ಟಿರಬೇಕು?

ವಾಲುವುದು ಬೇರೆ, ಬಾಗುವುದು ಬೇರೆ. ನೇರವಾದ ಕಂಬ ಇಡಿಯಾಗಿ ಹಿಂದಕ್ಕೆ ಓರೆಯಾಗುವುದು ವಾಲು. ಬಿಲ್ಲಿನಂತೆ ನಡು ಮುಂದಕ್ಕೆ ಬರುವುದು ಬಾಗು.

ವಾಲನ್ನು ಮುಖ್ಯವಾಗಿ ಫೋರ್‌ಸ್ಟೇಯ ಉದ್ದವೇ ನಿರ್ಧರಿಸುತ್ತದೆ. ಅಳೆಯಲು ಹ್ಯಾಲ್ಯಾರ್ಡ್‌ಗೆ ಭಾರ ಕಟ್ಟಿ ಇಳಿಬಿಡಿ, ಭಾರವನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ತೂಗಾಟ ನಿಲ್ಲುತ್ತದೆ. ಬುಡದ ಹತ್ತಿರ ಹಗ್ಗಕ್ಕೂ ಕಂಬಕ್ಕೂ ಎಷ್ಟು ದೂರವೆಂದು ನೋಡಿ. 12 ಮೀಟರ್ ಕಂಬಕ್ಕೆ ಒಂದು ಡಿಗ್ರಿ ಎಂದರೆ 21 ಸೆಂ.ಮೀ. ಸರಿಯಾದ ವಾಲು ಯಾವುದೆಂದು ಚುಕ್ಕಾಣಿ ಹೇಳುತ್ತದೆ. ಗಾಳಿಗೆ ಆದಷ್ಟು ಎದುರಾಗಿ ಸಾಗುವಾಗ ದೋಣಿ ತಾನಾಗಿ ಗಾಳಿಯ ಕಡೆಗೆ ಮೆಲ್ಲಗೆ ತಿರುಗಲು ನೋಡಬೇಕು, ಅದನ್ನು ತಡೆಯಲು ಚುಕ್ಕಾಣಿಯ ಮೂರರಿಂದ ಐದು ಡಿಗ್ರಿ ಸಾಕಾಗಬೇಕು. ತೋಳು ಸೋಲುವಷ್ಟು ಎಳೆಯುತ್ತಿದ್ದರೆ ಫೋರ್‌ಸ್ಟೇ ಗಿಡ್ಡ ಮಾಡಿ ಕಂಬವನ್ನು ಮುಂದಕ್ಕೆ ತನ್ನಿ. ಚುಕ್ಕಾಣಿ ಜೀವವಿಲ್ಲದಂತಿದ್ದರೆ ಕಂಬವನ್ನು ಹಿಂದಕ್ಕೆ ವಾಲಿಸಿ. ಅದಕ್ಕೂ ಮೊದಲು ಹಾಯಿ ಹಳಸಿ ಹೊಟ್ಟೆ ಬಿಟ್ಟಿದೆಯೇ ನೋಡಿಕೊಳ್ಳಿ, ಬಹಳ ಸಲ ತಪ್ಪು ಕಂಬದ್ದಾಗಿರುವುದಿಲ್ಲ.

ಬಾಗು ಅಳೆಯಲು ಹ್ಯಾಲ್ಯಾರ್ಡ್ ಅನ್ನು ಕಂಬದ ಹಿಂಬದಿಗೆ ಒತ್ತಿ ಬಿಗಿಯಾಗಿ ಎಳೆದು ನಡುವಿನ ಸಂದು ನೋಡಿ. ನಿಂತ ದೋಣಿಯಲ್ಲಿ ಅದು ಕಂಬದ ಅಗಲದ ಅರ್ಧದಷ್ಟಿದ್ದರೆ ಸಾಮಾನ್ಯವಾಗಿ ಸಾಕು. ನಡು ಹಿಂದಕ್ಕೆ ಬಾಗಿದ್ದರೆ ಮಾತ್ರ ಕೂಡಲೇ ಸರಿಪಡಿಸಿ. ಅಲೆಗಳಲ್ಲಿ ಕಂಬ ಹಿಂದು ಮುಂದಕ್ಕೆ ಮಿಡಿಯುವುದು ಹೀಗೆಯೇ ಶುರುವಾಗುತ್ತದೆ. ಸ್ಪ್ರೆಡರ್ ಹಿಂದಕ್ಕೆ ಬಾಗಿರುವ ದೋಣಿಗಳಲ್ಲಿ ಮೇಲಿನ ಶ್ರೌಡ್ ಬಿಗಿದರೆ ಬಾಗು ಹೆಚ್ಚುತ್ತದೆ, ಕೆಳಗಿನದು ಬಿಗಿದರೆ ಕಡಿಮೆಯಾಗುತ್ತದೆ.

ನೀರಿನ ಮೇಲೆ ಪರೀಕ್ಷಿಸುವುದು ಹೇಗೆ?

ದೋಣಿ ಸುಮಾರು ಇಪ್ಪತ್ತು ಡಿಗ್ರಿ ವಾಲುವಷ್ಟು, 12ರಿಂದ 15 ನಾಟ್ ಗಾಳಿಯಿರುವ ದಿನ ಹೊರಡಿ. ಜೊತೆಗೆ ಚುಕ್ಕಾಣಿ ಹಿಡಿಯಲು ಒಬ್ಬರು ಇರಲೇಬೇಕು. ಎರಡೂ ಹಾಯಿ ಪೂರ್ತಿ ಏರಿಸಿ, ಗಾಳಿಗೆ ಆದಷ್ಟು ಎದುರಾಗಿ ಹೋಗಿ, ಗಾಳಿಮರೆಯ ಮೇಲಿನ ಶ್ರೌಡ್ ಅನ್ನು ಹಿಡಿದು ನೋಡಿ.

ಅದು ಬಿಗಿ ಕಳೆದುಕೊಂಡು, ಕೈಯಲ್ಲಿ ಸ್ವಲ್ಪ ಆಡುವ ಹಾಗಿರಬೇಕು. ಜೋತಾಡಬಾರದು. ಅಲೆಗೊಮ್ಮೆ ತೂಗಿ ಟಪಟಪ ಸದ್ದು ಮಾಡುತ್ತಿದ್ದರೆ ಸಡಿಲವಾಗಿದೆ. ಆ ಗಾಳಿಯಲ್ಲೂ ಕಲ್ಲಿನಂತೆ ಬಿಗಿಯಾಗಿದ್ದರೆ ಒಂದು ಸುತ್ತು ಹೆಚ್ಚಾಗಿದೆ. ಸಡಿಲವಿದ್ದರೆ ಗಾಳಿಮರೆಯ ಬದಿಯಲ್ಲೇ ಅರ್ಧ ಸುತ್ತು ಬಿಗಿಯಿರಿ. ದೋಣಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಈಗ ಗಾಳಿಮರೆಯಾದ ಬದಿಗೂ ಅಷ್ಟೇ. ಎಷ್ಟು ತಿರುಗಿಸಿದಿರಿ ಎಂಬುದನ್ನು ಬಾಯಲ್ಲಿ ಜೋರಾಗಿ ಎಣಿಸಿ, ಕಾಗದದಲ್ಲಿ ಬರೆಯಿರಿ. ಮೂರನೆಯ ತಿರುವಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಂತರ ತೋಡಿಗೆ ಕಣ್ಣಿಟ್ಟು ಮೇಲಕ್ಕೆ ನೋಡಿ. ತುದಿ ಗಾಳಿಮರೆಗೆ ಜಾರಿದ್ದರೆ ಮೇಲಿನ ಶ್ರೌಡ್‌ಗಳನ್ನು ಬಿಗಿಯಬೇಕು. ನಡು ಗಾಳಿಮರೆಗೆ ಉಬ್ಬಿದ್ದರೆ ಕೆಳಗಿನವು ಸಾಲದು. ಒಂದು ಬದಿಗೆ ಹೋಗುವಾಗ ನೇರವಿದ್ದು ಇನ್ನೊಂದು ಬದಿಗೆ ಹೋಗುವಾಗ ಸೊಟ್ಟಗಾದರೆ ನಿಂತ ದೋಣಿಯಲ್ಲಿ ನಡುವೆ ತಂದ ಅಳತೆಯೇ ತಪ್ಪಿದೆ, ಮರಳಿ ಬಂದು ಹ್ಯಾಲ್ಯಾರ್ಡ್‌ನಿಂದ ಮತ್ತೆ ಶುರು ಮಾಡಿ. ನನಗೆ ಇದರಲ್ಲಿ ತುಂಬಾ ಸಂತೋಷ ಕೊಡುವ ಗಳಿಗೆಯೊಂದಿದೆ: ಎರಡೂ ಬದಿಗೆ ತೋಡು ಒಂದೇ ಗೆರೆಯಾಗಿ ಕಂಡಾಗ ದೋಣಿ ಎರಡೂ ಕಡೆಗೆ ಒಂದೇ ರೀತಿ ಸಾಗಲು ತೊಡಗುತ್ತದೆ, ಚುಕ್ಕಾಣಿ ಹಿಡಿದವರು ನಾವು ಹೇಳುವ ಮೊದಲೇ ಅದನ್ನು ಗಮನಿಸುತ್ತಾರೆ.

ಬ್ಯಾಕ್‌ಸ್ಟೇ ಯಾವಾಗ ಬಿಗಿಯಬೇಕು?

ಫೋರ್‌ಸ್ಟೇ ಜೋತರೆ ಮುಂಹಾಯಿಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಹಾಯಿಗೆ ಬಲ ಹೆಚ್ಚು, ಆದರೆ ಗಾಳಿಗೆ ಎದುರಾಗಿ ಹೋಗುವ ಚುರುಕು ಕಡಿಮೆ. ಮೆಲುಗಾಳಿಯಲ್ಲಿ ಸ್ವಲ್ಪ ಜೋತಿರಲಿ. ಗಾಳಿ ಬಲವಾದಂತೆ ಬ್ಯಾಕ್‌ಸ್ಟೇ ಬಿಗಿಯುತ್ತ ಹೋಗಿ, ಶೇ. 25ರ ಒಳಗೆ ನಿಲ್ಲಿಸಿ. ದಡಕ್ಕೆ ಬಂದ ಮೇಲೆ ಸಡಿಲಿಸಿ. ಮೂತಿ ಮತ್ತು ಹಿಂಬದಿಯನ್ನು ಮೇಲಕ್ಕೆಳೆಯುತ್ತ ವಾರಗಟ್ಟಲೆ ದೋಣಿಯನ್ನು ಬಿಲ್ಲು ಮಾಡಿ ಇಡಬೇಕಾಗಿಲ್ಲ. ಮುಂಹಾಯಿ ಸುರುಳಿ ಸುತ್ತುವ ಬಗೆಯದ್ದಾದರೆ ಫೋರ್‌ಸ್ಟೇ ಅಲ್ಯೂಮಿನಿಯಂ ಕೊಳವೆಯೊಳಗೆ ಅಡಗಿರುತ್ತದೆ, ಗೇಜ್ ಹಾಕಲು ಆಗುವುದಿಲ್ಲ. ಬ್ಯಾಕ್‌ಸ್ಟೇ ಅಳೆದರೆ ಸಾಕು.

ಎಷ್ಟು ಬಿಗಿದರೂ ಮತ್ತೆ ಸಡಿಲವಾಗುತ್ತಿದೆ. ಏನು ಮಾಡಲಿ?

ಬಿಗಿಯುವುದನ್ನು ನಿಲ್ಲಿಸಿ. ತಂತಿ ಹೊಸದಲ್ಲದಿದ್ದರೆ ಹಿಗ್ಗುತ್ತಿರುವುದು ತಂತಿಯಲ್ಲ, ದೋಣಿಯೊಳಗೆ ಎಲ್ಲೋ ಏನೋ ಕುಸಿಯುತ್ತಿದೆ.

ಪರಿಚಿತರೊಬ್ಬರ ದೋಣಿಯಲ್ಲಿ ಕಂಬ ಡೆಕ್ಕಿನ ಮೇಲೆ ನಿಂತಿತ್ತು. ಪ್ರತಿ ತಿಂಗಳು ಎರಡು ಸುತ್ತು ಬಿಗಿಯಬೇಕಾಗುತ್ತಿತ್ತು. ಒಳಗೆ ಶೌಚಾಲಯದ ಬಾಗಿಲು ಮೊದಲು ಉಜ್ಜತೊಡಗಿತು, ಆಮೇಲೆ ಮುಚ್ಚುವುದನ್ನೇ ಬಿಟ್ಟಿತು. ಅವರು ಬಾಗಿಲಿನ ಅಂಚನ್ನು ತೋಪಡ ಹಾಕಿ ಸವೆಸಿದರು. ಒಂದು ದಿನ ನಾವಿಬ್ಬರೂ ಕಂಬದ ಬುಡದಲ್ಲಿ ಡೆಕ್ಕಿನ ಮೇಲೆ ನೇರವಾದ ಪಟ್ಟಿ ಇಟ್ಟು ನೋಡಿದಾಗ ನಡುವೆ ಒಂದು ಬೆರಳು ತೂರುವಷ್ಟು ತಗ್ಗು ಕಂಡಿತು. ಕೆಳಗಿನ ಮರದ ತೊಲೆಯೊಳಗೆ ನೀರು ಸೋರಿ, ಸ್ಕ್ರೂಡ್ರೈವರ್ ತುದಿ ಸಲೀಸಾಗಿ ಇಳಿಯುವಷ್ಟು ಲಡ್ಡಾಗಿತ್ತು. ಬಿಗಿದ ಪ್ರತಿಯೊಂದು ಸುತ್ತೂ ಕಂಬವನ್ನು ಆ ಲಡ್ಡಿನೊಳಕ್ಕೆ ಒತ್ತುತ್ತಿತ್ತು.

ಆದ್ದರಿಂದ ನೋಡಬೇಕಾದ ಜಾಗಗಳು ಇವು: ಕಂಬದ ಬುಡದ ಡೆಕ್ಕು, ಅದರ ಕೆಳಗಿನ ಊರುಗಂಬ, ಕೀಲ್ ಮೇಲೆ ಕಂಬ ಕೂರುವ ಪೀಠ, ಚೈನ್‌ಪ್ಲೇಟ್‌ಗಳು ಒಳಗೆ ಸೇರುವ ಅಡ್ಡಗೋಡೆ. ಬಿಗಿದಾಗ ಬಾಗಿಲು ಕೂದಲೆಳೆಯಷ್ಟು ಬಿಗಿಯಾಗುವುದು ಹಲವು ದೋಣಿಗಳಲ್ಲಿ ಸಹಜ. ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತ ಹೋದರೆ ಸಹಜವಲ್ಲ.

ಬಿಸಿಲು, ಚಳಿಗೆ ಬಿಗಿ ಬದಲಾಗುತ್ತದೆಯೇ?

ಬದಲಾಗುತ್ತದೆ, ಹೆದರುವಷ್ಟಲ್ಲ. ಅಲ್ಯೂಮಿನಿಯಂ ಸ್ಟೇನ್‌ಲೆಸ್ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. 12 ಮೀಟರ್ ಕಂಬ 20 ಡಿಗ್ರಿ ಬಿಸಿಯಾದರೆ ಸುಮಾರು 5.5 ಮಿ.ಮೀ. ಬೆಳೆಯುತ್ತದೆ, ಅಷ್ಟೇ ಉದ್ದದ ತಂತಿ 3.8 ಮಿ.ಮೀ. ಬೆಳೆಯುತ್ತದೆ. ಉಳಿದ 1.7 ಮಿ.ಮೀ. ಬಿಗಿಯಾಗಿ ಮಾರ್ಪಡುತ್ತದೆ, ತುಂಡಾಗುವ ಭಾರದ ಶೇ. 1.4ರಷ್ಟು. ಸುಡುಬಿಸಿಲಿನಲ್ಲಿ ಅಳೆದು ಚಳಿಯಲ್ಲಿ ಹೊರಟರೆ ಅಷ್ಟು ಕಡಿಮೆ ಇರುತ್ತದೆ ಎಂದು ತಿಳಿದರೆ ಸಾಕು. ಡೈನೀಮಾ ಎಂಬ ಕೃತಕ ನಾರಿನ ಹಗ್ಗದ ಶ್ರೌಡ್ ಇದ್ದವರು ಇನ್ನಷ್ಟು ಗಮನ ಕೊಡಬೇಕು. ಆ ನಾರು ಚಳಿಗೆ ಉದ್ದವಾಗುತ್ತದೆ, ಅಲ್ಯೂಮಿನಿಯಂ ಗಿಡ್ಡವಾಗುತ್ತದೆ, ಎರಡೂ ಸೇರಿ ಸಡಿಲವನ್ನು ಹೆಚ್ಚಿಸುತ್ತವೆ. ಅಲ್ಲದೆ ಅದು ಸದಾ ಎಳೆತದಲ್ಲಿದ್ದರೆ ನಿಧಾನವಾಗಿ ಉದ್ದವಾಗುತ್ತಲೇ ಇರುತ್ತದೆ.

ಹೊಸ ತಂತಿ ಹಾಕಿಸಿದ್ದೇನೆ. ಒಮ್ಮೆ ಬಿಗಿದರೆ ಆಯಿತೇ?

ಇಲ್ಲ. ಎಳೆಗಳು ಒಂದಕ್ಕೊಂದು ಹೊಂದಿಕೊಂಡು ಕೂರುವ ತನಕ ಕೆಲವು ಪಯಣಗಳು ಬೇಕು. ಮೊದಲ ಜೋರುಗಾಳಿಯ ಪಯಣದ ನಂತರ ಒಮ್ಮೆ, ಅದೇ ಋತುವಿನಲ್ಲಿ ಇನ್ನೊಮ್ಮೆ ನೋಡಿ.

ಚಿಕ್ಕ ದೋಣಿಗಳಿಗೂ, ಹಳೆಯ ಮರದ ದೋಣಿಗಳಿಗೂ ಇದೇ ಲೆಕ್ಕವೇ?

ಅಲ್ಲ. 420, 470ರಂಥ ಸ್ಪರ್ಧೆಯ ಚಿಕ್ಕ ದೋಣಿಗಳಲ್ಲಿ ಮುಂಹಾಯಿಯ ಹ್ಯಾಲ್ಯಾರ್ಡ್ ಎಳೆದೇ ಇಡೀ ರಿಗ್ಗಿಂಗ್ ಬಿಗಿಯುತ್ತಾರೆ, ಗಾಳಿಗೆ ತಕ್ಕಂತೆ ಬದಲಿಸುತ್ತಾರೆ. ಹಾಯಿ ತಯಾರಕರು ಅದಕ್ಕೆ ಪಟ್ಟಿಯನ್ನೇ ಕೊಡುತ್ತಾರೆ. ಲೇಸರ್‌ನಂಥ ದೋಣಿಗೆ ತಂತಿಯೇ ಇಲ್ಲ, ಕಂಬ ತನ್ನ ಕಾಲ ಮೇಲೆ ನಿಲ್ಲುತ್ತದೆ. ಹಲಗೆ ಜೋಡಿಸಿ ಕಟ್ಟಿದ ಹಳೆಯ ದೋಣಿಗಳಿಗೆ ಮಾತ್ರ ಮೇಲೆ ಹೇಳಿದ ಬಿಗಿ ಹಾಕಬೇಡಿ, ಹಲಗೆಗಳ ಸಂದು ಬಿಟ್ಟುಕೊಳ್ಳುತ್ತದೆ. ಮೂರು ತೂತಿನ ಮರದ ಗುಂಡಿಗೆ ಹಗ್ಗ ಪೋಣಿಸಿ ಶ್ರೌಡ್ ಬಿಗಿಯುತ್ತಿದ್ದ ಕಾಲದ ರಿಗ್ಗಿಂಗ್ ಅದು, ಅದರ ಕಂಬ ದಪ್ಪ ಮತ್ತು ಗಿಡ್ಡ.

ತಂತಿ ಬದಲಿಸುವ ಕಾಲ ಬಂದಿದೆ ಎಂದು ಗೊತ್ತಾಗುವುದು ಹೇಗೆ?

ಒಂದೇ ಒಂದು ಎಳೆ ತುಂಡಾಗಿದ್ದರೂ ಆ ತಂತಿಯ ಆಯಸ್ಸು ಮುಗಿಯಿತು, ಜೋಡಿಯಾದ ಎದುರು ಬದಿಯದನ್ನೂ ಜೊತೆಗೇ ಬದಲಿಸಿ. ತುದಿಯ ಕೊಳವೆಯಲ್ಲಿ ಉದ್ದುದ್ದ ಬಿರುಕು, ಬುಡದಿಂದ ಇಳಿದ ತುಕ್ಕಿನ ಗೆರೆ, ಬಾಗಿದ ಟರ್ನ್‌ಬಕಲ್ ಕಂಡರೂ ಹಾಗೆಯೇ. ಕೆಳತುದಿಯನ್ನು ಹೆಚ್ಚು ಗಮನಿಸಿ, ಉಪ್ಪುನೀರು ತಂತಿಯಗುಂಟ ಇಳಿದು ಅಲ್ಲೇ ನಿಲ್ಲುತ್ತದೆ. ಪರೀಕ್ಷಿಸಲು ಬರಿಗೈ ಬೇಡ, ಬಟ್ಟೆ ಹಿಡಿದು ಸವರಿ. ಏನೂ ಕಾಣದಿದ್ದರೂ 10ರಿಂದ 15 ವರ್ಷಕ್ಕೆ ಬದಲಿಸುವುದು ಬಲ್ಲವರ ರೂಢಿ.

ಸ್ಪ್ರೆಡರ್ ತುದಿಯನ್ನೂ ನೋಡಿ. ಅದರ ಮೇಲಿನ ಕೋನ, ಕೆಳಗಿನ ಕೋನ ಸಮವಾಗಿರಬೇಕು, ಎಂದರೆ ತೋಳು ತುಸು ಮೇಲ್ಮುಖವಾಗಿರಬೇಕು. ಜೋಲುಬಿದ್ದ ಸ್ಪ್ರೆಡರ್ ತಂತಿಯ ಮೇಲೆ ಜಾರಿದರೆ ಕಂಬ ಆ ಕ್ಷಣವೇ ಮುರಿಯಬಹುದು. ಬಿಗಿಯೆಲ್ಲ ಸರಿಯಿದ್ದೂ ಕಂಬ ಬೀಳುವ ದಾರಿಗಳಲ್ಲಿ ಇದೊಂದು.

ಎಲ್ಲ ಮುಗಿದ ಮೇಲೆ ಇನ್ನೇನು ಮಾಡಬೇಕು?

ಟರ್ನ್‌ಬಕಲ್‌ಗಳಿಗೆ ಸ್ಪ್ಲಿಟ್ ಪಿನ್ ಹಾಕಬೇಕು. ನೀರಿನ ಮೇಲೆ ಬಿಗಿದ ಖುಷಿಯಲ್ಲಿ ಮರೆಯುವುದು ಇದನ್ನೇ. ಪಿನ್ ಇಲ್ಲದ ಟರ್ನ್‌ಬಕಲ್ ಅಲುಗಾಟಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅದೂ ಸಡಿಲವಾಗುವ ಗಾಳಿಮರೆಯ ಬದಿಯಲ್ಲಿ, ಯಾರೂ ನೋಡದಿರುವಾಗ. ಪಿನ್ನಿನ ಕಾಲುಗಳನ್ನು ಜಾರಿ ಬೀಳದಷ್ಟು ತೆರೆದರೆ ಸಾಕು, ಪೂರ್ತಿ ಮಡಚಿದರೆ ಕಡಲಲ್ಲಿ ಅವಸರಕ್ಕೆ ತೆಗೆಯಲು ಬರುವುದಿಲ್ಲ. ಚೂಪು ತುದಿಗೆ ಒಂದು ಸುತ್ತು ಟೇಪ್ ಹಾಕಿ. ಇಡೀ ಟರ್ನ್‌ಬಕಲ್ ಅನ್ನು ಟೇಪಿನಿಂದ ಸುತ್ತಿ ಮುಚ್ಚಬೇಡಿ. ಸ್ಟೇನ್‌ಲೆಸ್ ಉಕ್ಕಿನ ಹೊಳಪು ಉಳಿಯಲು ಗಾಳಿ ತಾಗುತ್ತಿರಬೇಕು, ಉಪ್ಪುನೀರು ಹಿಡಿದಿಟ್ಟ ಟೇಪಿನ ಕೆಳಗೆ ಅದೂ ತುಕ್ಕು ಹಿಡಿಯುತ್ತದೆ.

ಆಮೇಲೆ ಪ್ರತಿ ಟರ್ನ್‌ಬಕಲ್‌ನಲ್ಲಿ ಹೊರಗೆ ಕಾಣುವ ತಿರುಪಿನ ಉದ್ದವನ್ನು ಅಳೆದು, ದಿನಾಂಕದೊಂದಿಗೆ ದೋಣಿಯ ದಿನಚರಿ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಕಂಬ ಇಳಿಸಿ ಮತ್ತೆ ನಿಲ್ಲಿಸುವಾಗ ಆ ಅಳತೆಗೆ ತಿರುಗಿಸಿದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.